ಕಾರಿನ ಮುಂದಿನ ಗಾಜು ಬದಲಿಸಿದ ಮೇಲೆ: ಮೊದಲ ಎರಡು ದಿನ, ಮೊದಲ ತಿಂಗಳು

ಹೊಸ ಗಾಜು ಕೂಡಿಸಿ, ಅಂಚಿಗೆ ಟೇಪ್ ಹಚ್ಚಿ, ಕೀಲಿ ಕೈಗಿಡುವಾಗ ಫಿಟ್ಟರ್ ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: "ಇವತ್ತೊಂದಿನ ಸ್ವಲ್ಪ ಹುಷಾರು ಸಾರ್." ಯಾವುದಕ್ಕೆ ಹುಷಾರು, ಎಷ್ಟು ಹೊತ್ತು, ಯಾಕೆ ಎಂದು ಬಿಡಿಸಿ ಹೇಳುವಷ್ಟು ಪುರುಸೊತ್ತು ಗ್ಯಾರೇಜಿನಲ್ಲಿ ಇರುವುದಿಲ್ಲ. ಆಮೇಲೆ ಬರುವ ನೀರು ಸೋರಿಕೆ, ಗಾಳಿ ಶಬ್ದ, ಅಂಚಿನಿಂದ ಹರಿಯುವ ಬಿರುಕುಗಳಲ್ಲಿ ಒಂದಷ್ಟು ಕೆಲಸದ ತಪ್ಪು, ಒಂದಷ್ಟು ಮೊದಲ 48 ಗಂಟೆಯ ಅವಸರ. ಎರಡನೆಯದು ಪೂರ್ತಿ ನಮ್ಮ ಕೈಯಲ್ಲೇ ಇದೆ.

ಹಳೇ ಅಂಬಾಸಿಡರ್, ಲಾರಿ, ಬಸ್ಸುಗಳಲ್ಲಿ ಗಾಜನ್ನು ದಪ್ಪ ರಬ್ಬರ್ ಬೀಡಿಂಗ್ ಹಿಡಿದಿರುತ್ತಿತ್ತು. ಇಂದಿನ ಕಾರುಗಳದು ಅಂಟಿಸುವ ಗಾಜು. ಗ್ಯಾರೇಜಿನವರ ಮಾತಿನಲ್ಲಿ 'ಪೇಸ್ಟಿಂಗ್'. ಸುತ್ತ ಕಾಣುವ ತೆಳು ರಬ್ಬರ್ ಪಟ್ಟಿ ಸಂದು ಮುಚ್ಚಲು ಮಾತ್ರ. ಗಾಜನ್ನು ಹಿಡಿದಿರುವುದು ಒಳಗಿನ ಕಪ್ಪು ಪಾಲಿಯುರೇಥೇನ್ ಗಮ್. ಕಾರು ಮಗುಚಿದಾಗ ಛಾವಣಿ ಕುಸಿಯದಂತೆ ತಡೆಯುವುದರಲ್ಲಿ ಈ ಗಾಜಿಗೂ ಪಾಲಿದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಹಲವು ಕಾರುಗಳಲ್ಲಿ ಮೇಲಕ್ಕೆ ಚಿಮ್ಮಿ, ಗಾಜಿಗೆ ಒರಗಿ, ಆಮೇಲೆ ಸೀಟಿನತ್ತ ತಿರುಗುತ್ತದೆ. ಆ ಗಳಿಗೆಯಲ್ಲಿ ಗಮ್ ಹಸಿಯಾಗಿದ್ದರೆ ಗಾಜು ಹೊರಕ್ಕೆ ಹಾರುತ್ತದೆ, ಬ್ಯಾಗಿಗೆ ಆಸರೆಯೇ ಇಲ್ಲದಾಗುತ್ತದೆ. 'ಹುಷಾರು' ಎಂಬ ಮಾತಿನ ಹಿಂದೆ ಇರುವುದು ಇಷ್ಟು ದೊಡ್ಡ ವಿಷಯ.

ಗಮ್ ಒಣಗುವುದಿಲ್ಲ, ನೀರು ಕುಡಿಯುತ್ತದೆ

ಇದೊಂದು ತಿಳಿದರೆ ಉಳಿದ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಮನೆ ಕಟ್ಟಿಸಿದವರಿಗೆ ಕ್ಯೂರಿಂಗ್ ಗೊತ್ತು: ಆರ್‌ಸಿಸಿ ಹಾಕಿದ ಮೇಲೆ ಮೇಲ್ಗಡೆ ನೀರು ಕಟ್ಟುತ್ತೇವೆ, ಕಾಂಕ್ರೀಟು ಆ ನೀರನ್ನು ಬಳಸಿಕೊಂಡು ಗಟ್ಟಿಯಾಗುತ್ತದೆ. ಯುರೇಥೇನ್ ಗಮ್ಮಿನದೂ ಹೆಚ್ಚುಕಡಿಮೆ ಅದೇ ಗುಣ. ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಮೊದಲು ಮೇಲೊಂದು ಸಿಪ್ಪೆ ಕಟ್ಟುತ್ತದೆ. ಸುಮಾರು 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 50ರಷ್ಟು ಆರ್ದ್ರತೆ ಇದ್ದಾಗ ಮೊದಲ 24 ಗಂಟೆಯಲ್ಲಿ 3ರಿಂದ 4 ಮಿ.ಮೀ. ಆಳದವರೆಗೆ ಗಟ್ಟಿಯಾಗುತ್ತದೆ. ಒಳಕ್ಕೆ ಹೋದಂತೆಲ್ಲ ವೇಗ ಕಡಿಮೆ, ಏಕೆಂದರೆ ತೇವ ಆಗಲೇ ಗಟ್ಟಿಯಾದ ಪದರವನ್ನು ದಾಟಿ ಹೋಗಬೇಕು. ಫಿಟ್ಟರ್ ಎಳೆಯುವ ಗಮ್ಮಿನ ಎಳೆ ತ್ರಿಕೋನಾಕಾರ, ಸುಮಾರು 12 ಮಿ.ಮೀ. ಎತ್ತರ. ಗಾಜು ಕೂತ ಮೇಲೆ ಅದು ಒತ್ತಿಕೊಂಡು ಅಗಲವಾಗುತ್ತದೆ. ಹಾಗಾಗಿ ಒಳತಿರುಳು ಪೂರ್ತಿ ಗಟ್ಟಿಯಾಗಲು ಎರಡು ದಿನದಿಂದ ಒಂದು ವಾರ ಬೇಕು. ಬೆರಳಲ್ಲಿ ಮುಟ್ಟಿ 'ಗಟ್ಟಿಯಾಗಿದೆ' ಎನ್ನುವುದು ಆ ಸಿಪ್ಪೆಯನ್ನು ಮಾತ್ರ.

ಇಲ್ಲಿಂದಲೇ ನಮ್ಮ ಊರುಗಳ ಲೆಕ್ಕ ಬೇರೆಯಾಗುತ್ತದೆ. ಮಂಗಳೂರಿನ ಜೂನ್ ತಿಂಗಳ ಸೆಕೆ-ತೇವದಲ್ಲಿ ಗಮ್ ಚುರುಕಾಗಿ ಗಟ್ಟಿಯಾಗುತ್ತದೆ. ಬೀದರಿನ ಡಿಸೆಂಬರ್ ರಾತ್ರಿಯಲ್ಲಿ ಚಳಿಯೂ ಇದೆ, ಗಾಳಿಯೂ ಒಣ, ಅಲ್ಲಿ ನಿಧಾನ. ಮಡಿಕೇರಿಯಲ್ಲಿ ತೇವಕ್ಕೆ ಬರವಿಲ್ಲ, ಆದರೆ ಜನವರಿಯ ಚಳಿ ಕೆಲಸವನ್ನು ಎಳೆಯುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ "ಎರಡೇ ಗಂಟೆಯಲ್ಲಿ ಆಗ್ಹೋಗುತ್ತೆ" ಎಂದುಕೊಳ್ಳಬೇಡಿ. ಬಿಸಿಗಾಳಿ ಒಣಗಿದ್ದರೆ ಬಿಸಿಯಿಂದ ಸಿಗುವ ಲಾಭ ಅಷ್ಟಕ್ಕಷ್ಟೆ. ಸುಡುವ ಬಿಸಿಲಲ್ಲಿ ಇನ್ನೊಂದು ತೊಂದರೆ ಇದೆ: ಗಾಜು ಕೂಡಿಸುವ ಮೊದಲೇ ಎಳೆಯ ಮೇಲೆ ಸಿಪ್ಪೆ ಕಟ್ಟಿಬಿಡುತ್ತದೆ, ಆಮೇಲೆ ಅದು ಗಾಜನ್ನು ಸರಿಯಾಗಿ ಕಚ್ಚುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಈ ಕೆಲಸವನ್ನು ನೆರಳಲ್ಲೇ ಮಾಡಿಸಿ. ಆಗದಿದ್ದರೆ ಬೆಳಗ್ಗೆ ಬೇಗ ಮಾಡಿಸಿ.

ಎಷ್ಟು ಹೊತ್ತಿನ ಮೇಲೆ ಗಾಡಿ ಓಡಿಸಬಹುದು ಎಂಬುದು ಗಮ್ಮಿನಿಂದ ಗಮ್ಮಿಗೆ ಬೇರೆ. ಬೇಗ ಹಿಡಿಯುವ ಗಮ್‌ಗಳಿಗೆ ಒಂದು ಗಂಟೆ ಸಾಕು, ಕೆಲವಕ್ಕೆ ಮೂರು-ನಾಲ್ಕು ಗಂಟೆ, ನಿಧಾನದವಕ್ಕೆ ಅದಕ್ಕೂ ಹೆಚ್ಚು. ಆ ಸಮಯ ಗಮ್ಮಿನ ಟ್ಯೂಬಿನ ಮೇಲೋ ಅದರ ಮಾಹಿತಿ ಪತ್ರದಲ್ಲೋ ಇರುತ್ತದೆ. ಊಹೆಯ ಮಾತು ಕೇಳಬೇಡಿ, ಟ್ಯೂಬನ್ನೇ ಕೇಳಿ ನೋಡಿ. ಜೊತೆಗೆ ಅದರ ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. ಬಿಸಿಲಿಗೆ ಕಾದ ಗೋಡೌನಿನಲ್ಲಿ ವರ್ಷಗಟ್ಟಲೆ ಬಿದ್ದ ಗಮ್ ನಂಬುವಂಥದ್ದಲ್ಲ. ಒಂದು ಫೋಟೊ ತೆಗೆದಿಟ್ಟುಕೊಂಡರೆ ಬ್ಯಾಚ್ ನಂಬರ್ ಕೂಡ ನಿಮ್ಮ ಬಳಿ ಉಳಿಯುತ್ತದೆ.

ಕೀಲಿ ತೆಗೆದುಕೊಳ್ಳುವ ಮೊದಲು ಹತ್ತು ನಿಮಿಷ

ಮೊದಲು ಮೂಗು ಕೆಲಸ ಮಾಡಲಿ. ಯುರೇಥೇನ್ ಗಮ್ಮಿಗೆ ಸಾಲ್ವೆಂಟ್ ಥರದ ಸಣ್ಣ ವಾಸನೆ ಒಂದೆರಡು ದಿನ ಇರುತ್ತದೆ, ಅದು ಸಹಜ. ಹುಳಿ ವಿನೆಗರ್ ವಾಸನೆ ಹೊಡೆದರೆ ಎಲ್ಲೋ ಸಿಲಿಕೋನ್ ಬಳಸಿದ್ದಾರೆ ಎಂದರ್ಥ. ಬಾತ್‌ರೂಮಿನ ಸಂದು ಮುಚ್ಚುವ ಆ ಸಿಲಿಕೋನ್ ಗಾಜಿನ ಭಾರ ಹೊರುವುದಕ್ಕೆ ಇರುವುದಲ್ಲ. ಅದರಿಂದ ಹೊರಬರುವ ಅಸಿಟಿಕ್ ಆಮ್ಲ ತಗಡನ್ನು ತುಕ್ಕು ಹಿಡಿಸುತ್ತದೆ. ಒಮ್ಮೆ ಸಿಲಿಕೋನ್ ಮೆತ್ತಿದ ಜಾಗಕ್ಕೆ ಮುಂದೆ ಯುರೇಥೇನ್ ಹಿಡಿಯುವುದೂ ಇಲ್ಲ. ಅಂಥದ್ದು ಕಂಡರೆ ಅಲ್ಲೇ ನಿಂತು ಮಾತಾಡಿ.

ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು ಮತ್ತು ಐಎಸ್ 2553 ಎಂಬ ಮಾನಕದ ಸಂಖ್ಯೆ ಇದೆಯೇ ನೋಡಿ. ನಿಮ್ಮ ಮೊದಲಿನ ಗಾಜಿನಲ್ಲಿ ಮಳೆ ಸೆನ್ಸರ್, ಕ್ಯಾಮೆರಾ ಜಾಗ, ಶಬ್ದ ತಡೆಯುವ ಪದರ, ಮೇಲ್ಗಡೆ ಹಸಿರು-ನೀಲಿ ಛಾಯೆ ಇದ್ದರೆ ಹೊಸದರಲ್ಲೂ ಅವೇ ಇರಬೇಕು. ಗಾಜಿನ ಮೇಲೆ ವೇಗ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ ಇರುವ ಕಾರಿಗೆ ಸಾದಾ ಗಾಜು ಹಾಕಿದರೆ ಅಂಕಿಗಳು ಎರಡೆರಡಾಗಿ ಕಾಣುತ್ತವೆ.

ಡ್ರೈವರ್ ಸೀಟಿನಲ್ಲಿ ಕೂತು, ದೂರದ ವಿದ್ಯುತ್ ಕಂಬವನ್ನೋ ಕಟ್ಟಡದ ಅಂಚನ್ನೋ ನೋಡುತ್ತಾ ತಲೆಯನ್ನು ನಿಧಾನ ಎಡಕ್ಕೆ ಬಲಕ್ಕೆ ಸರಿಸಿ. ಕಂಬ ನೀರಲ್ಲಿ ಕಂಡಂತೆ ಅಲುಗಿದರೆ ಗಾಜಿನಲ್ಲೇ ಬಾಗು ಇದೆ. ತೀರಾ ಅಂಚಿನಲ್ಲಿ ಅಲ್ಪಸ್ವಲ್ಪ ಇರಬಹುದು. ಕಣ್ಣಿನ ನೇರಕ್ಕಿದ್ದರೆ ಒಪ್ಪಬೇಡಿ. ದಿನವೂ ತಲೆನೋವು ಬರುವುದು ನಿಮಗೆ.

ಹೊರಗೆ ಬಂದು ಗಾಜಿಗೂ ಬಾಡಿಗೂ ನಡುವಿನ ಸಂದು ಎಡಬಲ ಸಮನಾಗಿದೆಯೇ, ರಬ್ಬರ್ ಪಟ್ಟಿ ಎಲ್ಲಾದರೂ ಎದ್ದಿದೆಯೇ ನೋಡಿ. ವೈಪರ್ ಕೆಳಗಿನ ಕೌಲ್ ಎನ್ನುವ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪುಗಳೆಲ್ಲ ಕೂತಿವೆಯೇ ಎಂದು ಕೈಯಲ್ಲಿ ಮೆಲ್ಲಗೆ ಒತ್ತಿ ನೋಡಿ. ಬಿಚ್ಚುವಾಗ ಈ ಕ್ಲಿಪ್ಪುಗಳು ಮುರಿಯುವುದು ಸಾಮಾನ್ಯ. ಹೊಸದು ಹಾಕದೆ ಬಿಟ್ಟರೆ ಮಳೆನೀರು ಹೋಗಬಾರದ ದಾರಿ ಹಿಡಿದು ಎಸಿ ಬ್ಲೋವರಿಗೆ ಇಳಿಯುತ್ತದೆ.

ಪೇಂಟಿನ ಮೇಲೆ ಕಪ್ಪು ಗಮ್ ಕಂಡರೆ ಆಗಲೇ ಅವರಿಂದಲೇ ಒರೆಸಿಸಿ. ಹಸಿಯಿದ್ದಾಗ ಸಾಲ್ವೆಂಟ್ ಬಟ್ಟೆಗೆ ಬರುತ್ತದೆ. ಗಟ್ಟಿಯಾದ ಮೇಲೆ ಕೆರೆದೇ ತೆಗೆಯಬೇಕು, ಪೇಂಟೂ ಜೊತೆಗೆ ಹೋಗುತ್ತದೆ.

ಮೊದಲ 24 ಗಂಟೆ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಬಾಗಿಲು. ಕಿಟಕಿಗಳೆಲ್ಲ ಮುಚ್ಚಿದ ಕಾರಿನ ಬಾಗಿಲನ್ನು ಧಡ್ ಎಂದು ಹಾಕಿದಾಗ ಕಿವಿಗೆ ಒತ್ತಿದಂತಾಗುತ್ತದಲ್ಲ, ಅದೇ ಗಾಳಿಯ ಒತ್ತಡ ಗಾಜನ್ನೂ ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಗಮ್ ಗಟ್ಟಿಯಾದ ಮೇಲೆ ಇದು ಲೆಕ್ಕಕ್ಕೇ ಇಲ್ಲ. ಹಸಿಯಿದ್ದಾಗ ಎಳೆಯ ತೆಳುವಾದ ಜಾಗದಲ್ಲಿ ಸೂಜಿಮೊನೆಯಷ್ಟು ದಾರಿ ಬಿಟ್ಟುಕೊಳ್ಳುತ್ತದೆ. ಗಮ್ ಆ ತೂತಿನ ಸಮೇತ ಗಟ್ಟಿಯಾಗುತ್ತದೆ. ತಿಂಗಳ ಮೇಲೆ ಮಳೆ ಬಂದಾಗ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಒಂದು ಹನಿ ಕೂತಿರುತ್ತದೆ, ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ.

ಪರಿಹಾರ ಸುಲಭ: ಒಂದು ಕಿಟಕಿಯನ್ನು ಎರಡು ಬೆರಳಗಲ ಇಳಿಸಿಯೇ ಇಡಿ, ರಾತ್ರಿಯೂ. ಎದುರುಬದುರಿನ ಎರಡು ಕಿಟಕಿ ಇಳಿಸಿದರೆ ಇನ್ನೂ ಒಳ್ಳೆಯದು. ಬಾಗಿಲನ್ನು ಮೆಲ್ಲಗೆ ಒತ್ತಿ ಹಾಕಿ. ಡಿಕ್ಕಿಯ ಬಾಗಿಲಿಗೂ ಇದೇ ಮಾತು. ಹ್ಯಾಚ್‌ಬ್ಯಾಕ್ ಮತ್ತು ಎಸ್‌ಯುವಿಗಳಲ್ಲಿ ಹಿಂದಿನ ಬಾಗಿಲು ದೊಡ್ಡದು, ಒಳಗಿನ ಗಾಳಿಯನ್ನು ಅದು ಇನ್ನೂ ಜೋರಾಗಿ ತಳ್ಳುತ್ತದೆ. ಮನೆಯ ಮಕ್ಕಳಿಗೆ, ಕಾರು ತೆಗೆಯುವ ಡ್ರೈವರಿಗೆ, ಅಪಾರ್ಟ್‌ಮೆಂಟಿನಲ್ಲಿ ಬೆಳಗ್ಗೆ ಕಾರು ಒರೆಸಲು ಬರುವವರಿಗೆ ಮೊದಲೇ ಹೇಳಿಡಿ. ಡ್ಯಾಶ್‌ಬೋರ್ಡಿನ ಮೇಲೆ 'ಬಾಗಿಲು ಮೆಲ್ಲಗೆ' ಎಂದು ಚೀಟಿ ಇಟ್ಟರೂ ತಪ್ಪಿಲ್ಲ.

ಟೇಪನ್ನು 24 ಗಂಟೆ ಮುಟ್ಟಬೇಡಿ. ನೋಡಲು ಚೆಂದವಿಲ್ಲ ಎಂದು ಮನೆಗೆ ಬಂದ ಕೂಡಲೇ ಕಿತ್ತುಹಾಕುವವರಿದ್ದಾರೆ. ಅದು ರಬ್ಬರ್ ಪಟ್ಟಿ ಏಳದಂತೆ, ಗಾಜು ಕೂದಲೆಳೆಯಷ್ಟೂ ಜಾರದಂತೆ ಹಿಡಿದಿರುತ್ತದೆ. ಹಾಗೆಂದು ವಾರಗಟ್ಟಲೆ ಬಿಟ್ಟರೆ ಬಿಸಿಲಿಗೆ ಬೆಂದು ಅಂಟು ಪೇಂಟಿನ ಮೇಲೇ ಉಳಿಯುತ್ತದೆ. ಮರುದಿನ ನೆರಳಲ್ಲಿ ನಿಲ್ಲಿಸಿ, ಟೇಪಿನ ಬಾಡಿ ಕಡೆಯ ತುದಿ ಹಿಡಿದು, ಅದರ ಮೇಲೇ ಮಡಚಿದಂತೆ ಗಾಜಿನ ಕಡೆಗೆ ನಿಧಾನ ಎಳೆಯಿರಿ. ನೇರ ಮೇಲಕ್ಕೆ ಜಗ್ಗಿದರೆ ರಬ್ಬರ್ ಪಟ್ಟಿಯೂ ಎದ್ದು ಬರಬಹುದು. ಅಂಟು ಉಳಿದರೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ. ರಬ್ಬರಿಗೆ ತಾಗಿಸಬೇಡಿ. ಆಮೇಲೆ ಸೋಪುನೀರಿನ ಬಟ್ಟೆಯಲ್ಲಿ ಒರೆಸಿ.

ಎರಡನೆಯ ಶತ್ರು ತಿರುಚು. ಒಂದು ಚಕ್ರ ಫುಟ್‌ಪಾತಿನ ಮೇಲೆ, ಮೂರು ಚಕ್ರ ರಸ್ತೆಯಲ್ಲಿ ನಿಲ್ಲಿಸಿದರೆ ಇಡೀ ಬಾಡಿ ಸೂಕ್ಷ್ಮವಾಗಿ ತಿರುಚಿಕೊಳ್ಳುತ್ತದೆ, ಗಾಜಿನ ಚೌಕಟ್ಟೂ ಜೊತೆಗೆ ತಿರುಚುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎರಡು ದಿನ ಜ್ಯಾಕ್ ಹಚ್ಚುವ ಕೆಲಸ ಬೇಡ. ಪಂಕ್ಚರ್ ಆದರೆ ಬೇರೆ ದಾರಿಯಿಲ್ಲ, ಆದರೆ ವೀಲ್ ಅಲೈನ್‌ಮೆಂಟ್, ಸರ್ವೀಸ್ ಎಲ್ಲ ಮುಂದಿನ ವಾರಕ್ಕಿರಲಿ. ರಸ್ತೆ ಹಂಪನ್ನು ಓರೆಯಾಗಿ ಹತ್ತಿಸುವ ಅಭ್ಯಾಸ ಇರುವವರು ಎರಡು ದಿನ ನೇರವಾಗಿ, ನಿಧಾನವಾಗಿ ದಾಟಿಸಿ. ಶಿರಾಡಿ, ಚಾರ್ಮಾಡಿ ದಾಟಿ ಊರಿಗೆ ಹೋಗುವ ಯೋಜನೆ ಇದ್ದರೆ 48 ಗಂಟೆ ಮುಂದೂಡಿ. ಹೆದ್ದಾರಿಯಲ್ಲಿ ಹೋಗಲೇಬೇಕಾದರೆ ವೇಗ ಗಂಟೆಗೆ 80 ಕಿ.ಮೀ. ಒಳಗೆ ಇರಲಿ. ಎದುರಿನ ಬಸ್ಸು ರಪ್ಪೆಂದು ಹಾದುಹೋದಾಗ ಬೀಸುವ ಗಾಳಿಯೂ ಗಾಜಿನ ಮೇಲೆ ಒತ್ತಡವೇ.

ಒಳಗಿನ ಕನ್ನಡಿಗೆ ಏನನ್ನೂ ನೇತುಹಾಕಬೇಡಿ. ಗಾಜಿಗೆ ಹೀರಿ ಅಂಟುವ ಮೊಬೈಲ್ ಹೋಲ್ಡರ್, ಡ್ಯಾಶ್‌ಕ್ಯಾಮ್ ಎರಡು ದಿನ ಬಿಟ್ಟು ಹಚ್ಚಿ. ಅವನ್ನು ಒತ್ತುವುದು, ಕೀಳುವುದು ಗಾಜನ್ನೇ ತಳ್ಳಿ ಎಳೆದಂತೆ. ಎಲಾಸ್ಟಿಕ್ ಕಾರ್ ಕವರ್ ಕೂಡ ಮೊದಲ ದಿನ ಬೇಡ. ಅದನ್ನು ಎಳೆಯುವಾಗ ಸಿಕ್ಕಿಹಾಕಿಕೊಳ್ಳುವುದೇ ಗಾಜಿನ ಮೇಲಂಚಿನ ರಬ್ಬರ್ ಪಟ್ಟಿಗೆ.

ಎಸಿ ಹಾಕಬಹುದು. ಆದರೆ ಬಿಸಿಲಲ್ಲಿ ಕಾದ ಕಾರಿಗೆ ಹತ್ತಿದ ಕೂಡಲೇ ಡಿಫ್ರಾಸ್ಟ್ ಗುಂಡಿ ಒತ್ತಿ ಐಸಿನಂಥ ಗಾಳಿಯನ್ನು ಗಾಜಿಗೆ ಬಿಡಬೇಡಿ. ಒಳಮೈ ತಣ್ಣಗೆ, ಹೊರಮೈ ಸುಡುಬಿಸಿ ಆದಾಗ ಗಾಜಿನಲ್ಲಿ ಎಳೆತ ಹುಟ್ಟುತ್ತದೆ. ಅಂಚಿನಲ್ಲಿ ಕಣ್ಣಿಗೆ ಕಾಣದ ಚಿಕ್ಕ ಚಕ್ಕೆ ಎದ್ದಿದ್ದರೆ ಬಿರುಕು ಅಲ್ಲಿಂದಲೇ ಶುರು. ಕಿಟಕಿ ಇಳಿಸಿ ಎರಡು ನಿಮಿಷ ಓಡಿಸಿ, ಗಾಳಿಯನ್ನು ಎದೆಯ ಕಡೆ ತಿರುಗಿಸಿ ಎಸಿ ಹಾಕಿ. ಇದು ಎಲ್ಲ ಕಾಲಕ್ಕೂ ಒಳ್ಳೆಯ ಅಭ್ಯಾಸ.

ಮಳೆ ಬಂದರೆ?

ಮಳೆ ಬಂದರೆ ಚಿಂತೆಯಿಲ್ಲ. ಗಮ್ಮಿಗೆ ತೇವ ಬೇಕೇ ಬೇಕು ಎಂದೆವಲ್ಲ. ಗಾಜು ಸರಿಯಾಗಿ ಕೂತು, ಮೊದಲ ಒಂದೆರಡು ಗಂಟೆ ಕಳೆದಿದ್ದರೆ ಸುಮ್ಮನೆ ಬೀಳುವ ಮಳೆಯಿಂದ ಹಾನಿಯಿಲ್ಲ. ಹಾನಿ ಇರುವುದು ಒತ್ತಡದ ನೀರಿನಿಂದ. ವಾಟರ್ ವಾಶ್ ಅಂಗಡಿಯ ಪ್ರೆಶರ್ ಗನ್ ರಬ್ಬರ್ ಪಟ್ಟಿಯ ಕೆಳಗೆ ನುಗ್ಗಿ ಅದನ್ನು ಎಬ್ಬಿಸುತ್ತದೆ, ಹಸಿ ಗಮ್ಮನ್ನು ಕೊರೆಯುತ್ತದೆ. ಕನಿಷ್ಠ 48 ಗಂಟೆ ಬೇಡ. ಒಂದು ವಾರ ಬಿಟ್ಟರೆ ನಿಶ್ಚಿಂತೆ. ಆಮೇಲೂ ಗನ್ನಿನ ಮೂತಿಯನ್ನು ಗಾಜಿನ ಅಂಚಿನಿಂದ ಎರಡಡಿ ದೂರ ಇಡಲು ಹೇಳಿ. ಆಯುಧಪೂಜೆಯ ಹಿಂದಿನ ದಿನವೇ ಗಾಜು ಹಾಕಿಸಿದ್ದರೆ ಬಕೆಟ್ಟು, ಮಗ್ಗು, ಒದ್ದೆ ಬಟ್ಟೆ ಸಾಕು. ಬಾಳೆಕಂದು ಬಂಪರಿಗೆ ಕಟ್ಟಿ. ಹೂವಿನ ಹಾರವನ್ನು ಟೇಪ್ ಹಚ್ಚಿ ಗಾಜಿನ ಅಂಚಿಗೆ ಅಂಟಿಸಬೇಡಿ.

ಸೋರಿಕೆ ಪರೀಕ್ಷೆ

ಬೇಸಿಗೆಯಲ್ಲಿ ಗಾಜು ಹಾಕಿಸಿದವರಿಗೆ ಸೋರಿಕೆ ಗೊತ್ತಾಗುವುದು ಮುಂಗಾರಿನಲ್ಲಿ. ಅಷ್ಟರಲ್ಲಿ ಬಿಲ್ಲು ಕಳೆದಿರುತ್ತದೆ, ಗ್ಯಾರಂಟಿ ಮುಗಿದಿರುತ್ತದೆ. ಮೂರನೆಯ ದಿನ ನೀವೇ ಪರೀಕ್ಷಿಸಿ. ಇಬ್ಬರು ಬೇಕು, ಇಪ್ಪತ್ತು ನಿಮಿಷ ಸಾಕು.

ಒಬ್ಬರು ಒಳಗೆ ಕೂರಲಿ, ಕೈಯಲ್ಲಿ ಟಿಶ್ಯೂ ಪೇಪರ್ ಮತ್ತು ಟಾರ್ಚ್. ಇನ್ನೊಬ್ಬರು ಮೂತಿಯಿಲ್ಲದ ತೋಟದ ಪೈಪಿನಿಂದ, ರಭಸವಿಲ್ಲದೆ, ಗಾಜಿನ ಕೆಳ ಅಂಚಿಗೆ ನೀರು ಬಿಡಲಿ. ಕೆಳಗಿನಿಂದಲೇ ಶುರು ಮಾಡಬೇಕು. ಮೇಲಿನಿಂದ ಬಿಟ್ಟರೆ ನೀರು ಸುತ್ತಲೂ ಹರಿದು ತೂತು ಯಾವ ಎತ್ತರದಲ್ಲಿದೆ ಎಂದು ಗೊತ್ತಾಗುವುದೇ ಇಲ್ಲ. ಕೆಳ ಅಂಚಿಗೆ ಮೂರು ನಿಮಿಷ, ಎಡಪಕ್ಕಕ್ಕೆ ಮೂರು, ಬಲಪಕ್ಕಕ್ಕೆ ಮೂರು, ಕೊನೆಗೆ ಮೇಲಂಚಿಗೆ ಮೂರು. ಒಳಗಿರುವವರು ಟಿಶ್ಯೂವನ್ನು ಗಾಜಿನ ಎಡಬಲಕ್ಕಿರುವ ಕಂಬದ (ಪಿಲ್ಲರ್) ಹೊದಿಕೆಯ ಅಂಚಿಗೆ, ಮೇಲೆ ಛಾವಣಿ ಬಟ್ಟೆಯ ಅಂಚಿಗೆ, ಡ್ಯಾಶ್‌ಬೋರ್ಡಿನ ಎರಡೂ ಮೂಲೆಗೆ ಒತ್ತುತ್ತಾ ಹೋಗಲಿ. ಕಣ್ಣಿಗೆ ಕಾಣದ ತೇವವನ್ನೂ ಕಾಗದ ಕಪ್ಪಾಗಿ ತೋರಿಸುತ್ತದೆ.

ಕಾಗದ ಒದ್ದೆಯಾಯಿತು, ಆದರೆ ಜಾಗ ಖಚಿತವಿಲ್ಲ ಎಂದಾದರೆ ಈ ಕ್ರಮ ಮಾಡಿ: ಕಿಟಕಿಗಳನ್ನೆಲ್ಲ ಮುಚ್ಚಿ, ಬ್ಲೋವರನ್ನು ಪೂರ್ತಿ ವೇಗಕ್ಕಿಟ್ಟು, ಹೊರಗಿನ ಗಾಳಿ ಎಳೆಯುವ ಸ್ಥಿತಿಗೆ ಹಾಕಿ. ಒಳಗಿನ ಗಾಳಿಯನ್ನೇ ತಿರುಗಿಸುವ ಸ್ಥಿತಿಯಲ್ಲಿ ಇದು ಆಗುವುದಿಲ್ಲ. ಕಾರಿನೊಳಗೆ ಸ್ವಲ್ಪ ಒತ್ತಡ ಕೂಡುತ್ತದೆ. ಈಗ ಶ್ಯಾಂಪೂ ಬೆರೆಸಿದ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಹೊರಗಿನ ಅಂಚಿಗೆ ಸಿಂಪಡಿಸಿ. ಎಲ್ಲಿ ಸಣ್ಣ ಗುಳ್ಳೆಗಳು ಒಂದರ ಮೇಲೊಂದು ಏಳುತ್ತವೋ ಅಲ್ಲೇ ತೂತು. ಮಾರ್ಕರಿನಲ್ಲಿ ಟೇಪಿನ ತುಂಡಿನ ಮೇಲೆ ಬಾಣ ಹಾಕಿ ಅಂಟಿಸಿ, ಫೋಟೊ ತೆಗೆದು, ಹಾಕಿದವರ ಬಳಿಗೇ ಹೋಗಿ.

ಅಲ್ಲಿ ಅವರು ಸಿಲಿಕೋನ್ ಟ್ಯೂಬ್ ಕೈಗೆತ್ತಿಕೊಂಡರೆ ಬೇಡ ಎನ್ನಿ. ರಬ್ಬರ್ ಪಟ್ಟಿ ಬಿಡಿಸಿ, ಜಾಗ ಒಣಗಿಸಿ, ಸ್ವಚ್ಛ ಮಾಡಿ, ಪ್ರೈಮರ್ ಹಚ್ಚಿ, ಯುರೇಥೇನನ್ನೇ ಒಳಕ್ಕೆ ತಳ್ಳಬೇಕು. ಒಂದಕ್ಕಿಂತ ಹೆಚ್ಚು ಕಡೆ ಸೋರುತ್ತಿದ್ದರೆ ಗಾಜು ಬಿಚ್ಚಿ ಮತ್ತೆ ಕೂಡಿಸುವುದೇ ಸರಿಯಾದ ದಾರಿ.

ಇನ್ನೊಂದು ಮಾತು: ಕಾಲಡಿ ಒದ್ದೆಯಾದ ತಕ್ಷಣ ಗಾಜಿನ ಮೇಲೆ ಅನುಮಾನ ಬೇಡ. ಎಸಿ ಓಡಿಸಿದಾಗ ಮಾತ್ರ, ಮಳೆಯಿಲ್ಲದ ದಿನವೂ ಪಕ್ಕದ ಸೀಟಿನ ಮ್ಯಾಟ್ ಒದ್ದೆಯಾದರೆ ಅದು ಎಸಿ ನೀರು ಹೊರಹೋಗುವ ಪೈಪು ಕಟ್ಟಿದ್ದು. ಜೋರು ಮಳೆಯಲ್ಲಿ ಮಾತ್ರ, ಅದೂ ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಾದರೆ ಕೌಲ್ ಕೆಳಗೆ ಎಲೆ ತುಂಬಿ ನೀರು ಇಳಿಯುವ ಕಂಡಿ ಮುಚ್ಚಿರಬಹುದು. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಪೈಪುಗಳನ್ನೂ ನೋಡಿ. ಗಾಜಿನ ಸೋರಿಕೆ ಸಾಮಾನ್ಯವಾಗಿ ಕಂಬದ ಹೊದಿಕೆಯ ಒಳಗಿಂದಲೋ ಡ್ಯಾಶ್‌ಬೋರ್ಡಿನ ಮೂಲೆಯಿಂದಲೋ ತೋರುತ್ತದೆ.

ಗಾಳಿ ಶಬ್ದ ಮತ್ತು ಬಿರುಕು

60–80 ಕಿ.ಮೀ. ವೇಗದಲ್ಲಿ ಮೊದಲಿಲ್ಲದ ಸಿಳ್ಳೆ ಕೇಳಿದರೆ ಮಾಸ್ಕಿಂಗ್ ಟೇಪ್ ತೆಗೆದುಕೊಂಡು ರಬ್ಬರ್ ಪಟ್ಟಿಯ ಒಂದು ಪಕ್ಕವನ್ನು ಪೂರ್ತಿ ಮುಚ್ಚಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ಶಬ್ದ ನಿಂತರೆ ತೊಂದರೆ ಆ ಪಕ್ಕದಲ್ಲಿದೆ. ನಿಲ್ಲದಿದ್ದರೆ ಇನ್ನೊಂದು ಪಕ್ಕ, ಆಮೇಲೆ ಮೇಲಂಚು. ಹೆಚ್ಚಿನ ಸಲ ಪಟ್ಟಿ ಸರಿಯಾಗಿ ಕೂತಿರುವುದಿಲ್ಲ, ಅಷ್ಟೇ. ಸಿಳ್ಳೆಯಲ್ಲ, ಒಟ್ಟಾರೆ ರಸ್ತೆಯ ಸದ್ದೇ ಜಾಸ್ತಿಯಾಗಿದೆ ಎನಿಸಿದರೆ ಶಬ್ದ ತಡೆಯುವ ಗಾಜಿನ ಜಾಗಕ್ಕೆ ಸಾದಾ ಗಾಜು ಬಂದಿರಬಹುದು. ಬಿಲ್ಲಿನ ಪಾರ್ಟ್ ನಂಬರ್ ತಾಳೆ ನೋಡಿ.

ಮೊದಲ ವಾರಗಳಲ್ಲೇ ಬಿರುಕು ಬಂದರೆ ಅದರ ಜಾಡು ಹಿಡಿದು ಶುರುವಾದ ಜಾಗಕ್ಕೆ ಹೋಗಿ. ಅಲ್ಲಿ ಉಗುರಿಗೆ ಸಿಗುವ ಚಿಕ್ಕ ಗುಳಿ ಇದ್ದರೆ ಕಲ್ಲು ಹೊಡೆದದ್ದು. ಗುಳಿಯೇ ಇಲ್ಲದೆ ಅಂಚಿನ ಕಪ್ಪು ಪಟ್ಟಿಯ ಒಳಗಿನಿಂದ ನಯವಾಗಿ ಹರಿದು ಬಂದಿದ್ದರೆ ಗಾಜು ಕೂಡಿಸುವಾಗ ಎಲ್ಲೋ ಎಳೆತ ಉಳಿದಿದೆ, ಇಲ್ಲವೇ ಅಂಚಿಗೆ ಏಟು ಬಿದ್ದಿತ್ತು. ಇದು ಹಾಕಿದವರ ಜವಾಬ್ದಾರಿ. ಬಿರುಕಿನ ತುದಿ ಮುಂದೆ ಹೋಗುವ ಮೊದಲೇ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ.

ವೈಪರ್, ಗಾಜಿನ ಚೂರು, ಒರೆಸುವುದು

ಹೊಸ ಗಾಜಿಗೆ ಹಳೇ ವೈಪರ್ ಬ್ಲೇಡ್ ಹಾಕಬೇಡಿ. ಹಳೇ ರಬ್ಬರಿನೊಳಗೆ ಒಡೆದ ಗಾಜಿನ ಪುಡಿ ಕೂತಿರುತ್ತದೆ, ಮೊದಲ ಮಳೆಗೇ ಕಮಾನಿನಂತೆ ಗೀರು ಎಳೆಯುತ್ತದೆ. ಆ ಗೀರು ರಾತ್ರಿ ಎದುರು ಲೈಟಿಗೆ ಹೊಳೆಯುತ್ತದೆ, ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಸಾವಿರಾರು ರೂಪಾಯಿಯ ಗಾಜಿಗೆ ಕೆಲವು ನೂರರ ಬ್ಲೇಡ್ ಉಳಿಸುವುದು ಲಾಭವಲ್ಲ. ಒಣ ಗಾಜಿನ ಮೇಲೆ ವೈಪರ್ ಓಡಿಸಬೇಡಿ. ವೈಪರ್ ತೋಳು ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆಯೇ, ತಿರುಗಿದಾಗ ಕಂಬದ ರಬ್ಬರಿಗೆ ಬಡಿಯುತ್ತದೆಯೇ ಎಂದು ಒಮ್ಮೆ ನೀರು ಹಾಕಿ ನೋಡಿ.

ಗಾಜು ಒಡೆದಿದ್ದ ಕಾರಿನಲ್ಲಿ ಚೂರುಗಳು ಡಿಫ್ರಾಸ್ಟ್ ಕಿಂಡಿಯೊಳಗೆ ಬಿದ್ದಿರುತ್ತವೆ. ಬ್ಲೋವರನ್ನು ಜೋರಾಗಿ ಹಾಕಿದರೆ ನೇರ ಕಣ್ಣಿಗೆ. ಮೊದಲು ವ್ಯಾಕ್ಯೂಮ್ ಕ್ಲೀನರಿನ ಸಣ್ಣ ಮೂತಿಯಿಂದ ಕಿಂಡಿಗಳನ್ನು ಎಳೆಸಿ. ಆಮೇಲೆ ಯಾರೂ ಒಳಗೆ ಕೂರದೆ, ಬಾಗಿಲ ಹೊರಗೆ ನಿಂತು, ಕಿಂಡಿಗಳ ಮೇಲೆ ಒದ್ದೆ ಬಟ್ಟೆ ಹಾಸಿ ಬ್ಲೋವರ್ ಓಡಿಸಿ. ಸೀಟಿನ ಹೊಲಿಗೆಯ ಸಂದಿಯಲ್ಲಿ ಸಿಕ್ಕ ಪುಡಿಗೆ ಅಗಲ ಟೇಪಿನ ಅಂಟುಮುಖ ಒತ್ತಿ ತೆಗೆಯುವುದು ಸುಲಭ. ಮಕ್ಕಳ ಸೀಟು ಇದ್ದರೆ ಅದರ ಬಟ್ಟೆ ಬಿಚ್ಚಿ ಕೊಡವಿ.

ಒಳಗಿನ ಗಾಜಿಗೆ ಕೆಲ ದಿನ ಮಂಜು ಹಿಡಿದಂಥ ಪೊರೆ ಕಟ್ಟಬಹುದು. ಮೈಕ್ರೋಫೈಬರ್ ಬಟ್ಟೆ ಒದ್ದೆ ಮಾಡಿ ಹಿಂಡಿ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಮುಗಿಸಿ. ಮೊದಲ ವಾರ ಗಾಜಿನ ಅಂಚಿಗೆ ಅಮೋನಿಯಾ ಇರುವ ಕ್ಲೀನರ್ ಬೇಡ, ಕೈಯಿಂದ ಒತ್ತಿ ಉಜ್ಜುವುದೂ ಬೇಡ.

ಫಾಸ್ಟ್ಯಾಗ್ ಮತ್ತು ಸ್ಟಿಕ್ಕರು

ಹಳೇ ಗಾಜಿನ ಜೊತೆ ಫಾಸ್ಟ್ಯಾಗ್ ಕೂಡ ಹೋಯಿತು ಎಂದೇ ತಿಳಿಯಿರಿ. ಕಿತ್ತರೆ ಕೆಡುವಂತೆಯೇ ಅದನ್ನು ಮಾಡಿರುತ್ತಾರೆ. ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ ಬದಲಿ ಟ್ಯಾಗ್ ಕೇಳಿ. ಖಾತೆಯ ಹಣ ಉಳಿದಿರುತ್ತದೆ. ಬೇರೆ ಬ್ಯಾಂಕಿನಲ್ಲಿ ಹೊಸದನ್ನು ಮಾಡಿಸಿದರೆ ಒಂದು ವಾಹನಕ್ಕೆ ಒಂದೇ ಟ್ಯಾಗ್ ಎಂಬ ನಿಯಮದಂತೆ ಹಳೆಯದು ನಿಲ್ಲುತ್ತದೆ. ಹಳೇ ಟ್ಯಾಗನ್ನು ಕೈಯಲ್ಲಿ ಹಿಡಿದು ತೋರಿಸಿ ದಾಟುವ ಅಭ್ಯಾಸ ಬೇಡ. ಗಾಜಿಗೆ ಅಂಟಿಸದ ಟ್ಯಾಗುಗಳನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರ 2025ರಲ್ಲಿ ಹೇಳಿದೆ. ಹೊಸದನ್ನು ಒಳಗಿನ ಕನ್ನಡಿಯ ಹಿಂದೆ, ಗಾಜು ಒರೆಸಿ ಒಣಗಿಸಿ, ಬೆರಳಿನಿಂದ ಹಗುರ ಒತ್ತಿ ಅಂಟಿಸಿ. ಬಿಸಿಲು ತಡೆಯುವ ಲೋಹದ ಲೇಪನದ ಗಾಜಾದರೆ ಟ್ಯಾಗಿನ ತರಂಗ ದಾಟುವುದಿಲ್ಲ. ಅಂಥ ಗಾಜಿನಲ್ಲಿ ಲೇಪನವಿಲ್ಲದ ಚಿಕ್ಕ ಜಾಗವೊಂದು ಬಿಟ್ಟಿರುತ್ತಾರೆ, ಅದು ಎಲ್ಲಿದೆ ಎಂದು ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಿ.

ಹೊಸ ಗಾಜಿಗೆ ಕಪ್ಪು ಫಿಲ್ಮ್ ಹಚ್ಚಿಕೊಡುತ್ತೇವೆ ಎಂದರೆ ಬೇಡ. ಮುಂದಿನ ಗಾಜು ಕನಿಷ್ಠ ಶೇ. 70 ಬೆಳಕು ಬಿಡಬೇಕು ಎಂಬುದು ಕೇಂದ್ರ ಮೋಟಾರು ವಾಹನ ನಿಯಮ 100ರಲ್ಲೇ ಇದೆ.

ಕ್ಯಾಮೆರಾ ಇರುವ ಕಾರುಗಳು

ಲೇನ್ ಹಿಡಿಯುವ, ತಾನಾಗಿ ಬ್ರೇಕ್ ಹಾಕುವ ಎಡಾಸ್ ಸೌಲಭ್ಯದ ಕಾರುಗಳಲ್ಲಿ ಕನ್ನಡಿಯ ಹಿಂದೆ ಗಾಜಿಗೆ ಒರಗಿದಂತೆ ಕ್ಯಾಮೆರಾ ಇರುತ್ತದೆ. ಗಾಜು ಬದಲಾದರೆ ಅದರ ನೋಟ ಬದಲಾಗುತ್ತದೆ. ಕೋನ ಒಂದೇ ಒಂದು ಡಿಗ್ರಿ ತಪ್ಪಿದರೆ 50 ಮೀಟರ್ ದೂರದಲ್ಲಿ ಸುಮಾರು 87 ಸೆಂ.ಮೀ. ವ್ಯತ್ಯಾಸ, ಹೆದ್ದಾರಿಯ ಲೇನ್ ಅಗಲವೇ 3.5 ಮೀಟರ್. ಪಕ್ಕದ ಲೇನಿನ ಬೈಕು ನಿಮ್ಮ ಎದುರಿಗಿದೆ ಎಂದು ಕಾರು ಭಾವಿಸಬಹುದು, ಎದುರಿಗಿರುವುದನ್ನು ಬಿಟ್ಟೂಬಿಡಬಹುದು. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಬಂದಿಲ್ಲ ಎಂದರೆ ಎಲ್ಲ ಸರಿಯಿದೆ ಎಂದಲ್ಲ.

ಕ್ಯಾಲಿಬ್ರೇಶನ್, ಅಂದರೆ ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸುವ ಕೆಲಸ, ಮಾಡಿಸಲೇಬೇಕು. ಕೆಲವು ಕಾರುಗಳಿಗೆ ಸಮತಟ್ಟಾದ ನೆಲದಲ್ಲಿ ಗುರಿಫಲಕ ನಿಲ್ಲಿಸಿ ಮಾಡುತ್ತಾರೆ, ಕೆಲವಕ್ಕೆ ಗೆರೆ ಸ್ಪಷ್ಟವಿರುವ ರಸ್ತೆಯಲ್ಲಿ ನಿಗದಿತ ವೇಗದಲ್ಲಿ ಓಡಿಸಿ, ಕೆಲವಕ್ಕೆ ಎರಡೂ. ಹೋಗುವ ಮೊದಲು ಟೈರಿನ ಗಾಳಿ ಸರಿಮಾಡಿಸಿ, ಡಿಕ್ಕಿಯ ಭಾರ ಇಳಿಸಿ, ಏಕೆಂದರೆ ಕಾರು ಹಿಂದಕ್ಕೆ ವಾಲಿದ್ದರೆ ಕ್ಯಾಮೆರಾ ಆಕಾಶ ನೋಡುತ್ತದೆ. ಆದ ಮೇಲೆ ಸ್ಕ್ಯಾನರಿನ ವರದಿಯ ಪ್ರತಿ ಕೇಳಿ ಪಡೆಯಿರಿ. ಅಲ್ಲಿಯವರೆಗೆ ಈ ಸೌಲಭ್ಯಗಳನ್ನು ನಂಬಿ ಓಡಿಸಬೇಡಿ.

ಮಳೆ ಸೆನ್ಸರ್ ಇದ್ದರೆ ಅದಕ್ಕೂ ಗಾಜಿಗೂ ನಡುವೆ ಜೆಲ್ ಪದರವಿರುತ್ತದೆ. ಹೊರಗಿನಿಂದ ನೋಡಿದಾಗ ಅದರಲ್ಲಿ ಗಾಳಿಗುಳ್ಳೆ ಕಂಡರೆ ವೈಪರ್ ಬಿಸಿಲಲ್ಲೂ ತಾನಾಗಿ ಓಡೀತು, ಮಳೆಯಲ್ಲಿ ಸುಮ್ಮನಿದ್ದೀತು. ಹೊಸ ಜೆಲ್ ಹಾಕಿಸಬೇಕು.

ಬಾಗಿಲಿನ ಗಾಜು, ಹಿಂದಿನ ಗಾಜು

ಬಾಗಿಲಿನ ಗಾಜಿಗೆ ಗಮ್ ಇಲ್ಲ, ಕಾಯುವ ಕೆಲಸವೂ ಇಲ್ಲ. ಆದರೆ ಒಡೆದ ಗಾಜಿನ ಕಾಳುಗಳು ಬಾಗಿಲ ಹೊಟ್ಟೆಯಲ್ಲಿ ಉಳಿದು ಕೆಳಗಿನ ನೀರುಕಂಡಿ ಮುಚ್ಚುತ್ತವೆ. ಬಾಗಿಲು ಹಾಕುವಾಗ ಜಲ್ ಜಲ್ ಎಂದರೆ ಪ್ಯಾನೆಲ್ ಬಿಚ್ಚಿಸಿ ತೆಗೆಸಿ. ಹಿಂದಿನ ಗಾಜು ಹೆಚ್ಚಿನ ಕಾರುಗಳಲ್ಲಿ ಅಂಟಿಸಿದ್ದೇ, ಆದ್ದರಿಂದ ಮೇಲಿನ ಎಚ್ಚರಿಕೆಗಳೆಲ್ಲ ಅದಕ್ಕೂ ಇವೆ. ಅದರ ಮೇಲಿನ ಡಿಫಾಗರ್ ಗೆರೆಗಳನ್ನು (ಬಿಸಿಯಾಗಿ ಮಂಜು ತೆಗೆಯುವ ತೆಳು ಗೆರೆಗಳು) ಅಡ್ಡಡ್ಡ, ಗೆರೆಯ ಉದ್ದಕ್ಕೇ ಒರೆಸಿ. ಬ್ಲೇಡಿನಲ್ಲಿ ಸ್ಟಿಕ್ಕರ್ ಕೆರೆದರೆ ಗೆರೆಯೇ ಹರಿದುಹೋಗುತ್ತದೆ.

ತುಕ್ಕು

ಹಳೇ ಗಾಜನ್ನು ಕತ್ತರಿಸುವಾಗ ಚಾಕು ಚೌಕಟ್ಟಿನ ಪೇಂಟನ್ನು ಗೀರುತ್ತದೆ. ಆ ಗೀರಿಗೆ ಪ್ರೈಮರ್ ಹಚ್ಚದೆ ಗಮ್ ಎಳೆದರೆ ಕೆಳಗೆ ತುಕ್ಕು ಹುಟ್ಟಿ ಗಮ್ಮನ್ನು ಪೇಂಟ್ ಸಮೇತ ಎತ್ತುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಗಾಜು ತೆಗೆದ ಮೇಲೆ, ಹೊಸ ಗಮ್ ಎಳೆಯುವ ಮೊದಲು ಚೌಕಟ್ಟಿನ ನಾಲ್ಕೂ ಬದಿಯ ಫೋಟೊ ತೆಗೆದುಕೊಡಿ ಎಂದು ಕೆಲಸ ಶುರುವಾಗುವ ಮುಂಚೆಯೇ ಕೇಳಿ. ಒಳ್ಳೆಯ ಫಿಟ್ಟರ್ ಬೇಸರಿಸುವುದಿಲ್ಲ. ಹಳೇ ಗಮ್ಮನ್ನು ಒಂದೆರಡು ಮಿ.ಮೀ. ತೆಳುವಾಗಿ ಉಳಿಸಿ ಅದರ ಮೇಲೇ ಹೊಸದನ್ನು ಎಳೆದಿರುವುದು ಕಂಡರೆ ಅದು ತಪ್ಪಲ್ಲ, ಸರಿಯಾದ ಪದ್ಧತಿಯೇ. ಗೀರಿದ ತಗಡು ಹೊಳೆಯುತ್ತಿದ್ದು ಅದರ ಮೇಲೆ ಕಪ್ಪು ಪ್ರೈಮರ್ ಇಲ್ಲದಿದ್ದರೆ ಅದು ತಪ್ಪು.

ಮೊದಲ ಮಳೆಗಾಲ ಮುಗಿದ ಮೇಲೆ ರಬ್ಬರ್ ಪಟ್ಟಿಯ ಅಂಚಿನುದ್ದಕ್ಕೂ ಟಾರ್ಚ್ ಬಿಟ್ಟು ನೋಡಿ. ಪೇಂಟ್ ಉಬ್ಬಿದ್ದರೆ, ಕಂದು ನೀರಿನ ಗೆರೆ ಇಳಿದಿದ್ದರೆ, ಬಿಲ್ಲು, ಆ ಫೋಟೊ, ಗಮ್ಮಿನ ಬ್ಯಾಚ್ ನಂಬರ್ ಹಿಡಿದು ಹಾಕಿಸಿದಲ್ಲಿಗೇ ಹೋಗಿ; ಆ ಹಂತದಲ್ಲಿ ಗಾಜು ಬಿಚ್ಚಿ ತುಕ್ಕು ಕೆರೆದು ಪ್ರೈಮರ್ ಹಚ್ಚಿದರೆ ಸಾಕಾಗುತ್ತದೆ, ಇನ್ನೊಂದು ಮಳೆಗಾಲ ಬಿಟ್ಟರೆ ಟಿಂಕರಿಂಗ್ ಕೆಲಸವೇ ಬೇಕಾಗುತ್ತದೆ.